ಟವರ್ ಇಲ್ಲದ ಕೊಲ್ಲಿಯಲ್ಲಿ ವ್ಯಾನ್ ಹೂತರೆ ಯಾರನ್ನು ಕರೆಯುವುದು, ಹೇಗೆ?

ಪ್ರಶ್ನೆ: ಸರ್, ನಾವು ಹಾಸನದವರು. ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಹಿಂದೆ ಮಲಗಲು ಹಲಗೆ, ಒಲೆ, ನೀರಿನ ಟ್ಯಾಂಕ್ ಎಲ್ಲ ಮಾಡಿಸಿದ್ದೇನೆ. ರಜೆ ಬಂದರೆ ನಾನು, ಹೆಂಡತಿ, ಇಬ್ಬರು ಮಕ್ಕಳು, ಸಕ್ಕರೆ ಕಾಯಿಲೆ ಇರುವ ಅಮ್ಮ ಸಕಲೇಶಪುರ, ಮೂಡಿಗೆರೆ, ಕಳಸದ ಕಡೆ ಹೊರಡುತ್ತೇವೆ. ಕಳೆದ ಜೂನ್‌ನಲ್ಲಿ ವಣಗೂರು ದಾಟಿ ಬಿಸಿಲೆ ಕಡೆ ಹೋಗುವಾಗ, ಮ್ಯಾಪ್ ತೋರಿಸಿದ ಮಣ್ಣಿನ ದಾರಿಗೆ ಇಳಿದು ಹಿಂದಿನ ಚಕ್ರ ಹೂತುಹೋಯಿತು. ಮೂರು ಫೋನ್ ಇದ್ದವು, ಒಂದರಲ್ಲೂ ಟವರ್ ಇಲ್ಲ. ಐದು ಗಂಟೆ ಕಾದ ಮೇಲೆ ಯಾವುದೋ ಎಸ್ಟೇಟಿನ ಜೀಪು ಬಂತು. ಈಗ ದುಬೈನಲ್ಲಿರುವ ಭಾವಮೈದ ‘ಇಲ್ಲಿಂದ ಸ್ಯಾಟಲೈಟ್ ಫೋನ್ ತರ್ತೀನಿ’ ಅನ್ನುತ್ತಿದ್ದಾನೆ. ಒಬ್ಬ ಗೆಳೆಯ ವಾಕಿಟಾಕಿ ಸಾಕು ಅನ್ನುತ್ತಾನೆ, ಇನ್ನೊಬ್ಬ ವ್ಯಾನಿಗೆ ಸಿಗ್ನಲ್ ಬೂಸ್ಟರ್ ಹಾಕಿಸು ಅನ್ನುತ್ತಾನೆ. ನೆಟ್‌ವರ್ಕ್ ಇಲ್ಲದಾಗ ಜಿಪಿಎಸ್ ಕೂಡ ಕೆಲಸ ಮಾಡಲ್ಲ ಅಲ್ವಾ? ಏನು ಕೊಳ್ಳಲಿ?

ಉತ್ತರ: ಮೊದಲು ಭಾವಮೈದನಿಗೆ ಫೋನ್ ಮಾಡಿ, ತರಬೇಡ ಅಂತ ಹೇಳಿಬಿಡಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ದುಬೈನಲ್ಲಿ ಸುಲಭವಾಗಿ ಸಿಗುವುದು ಥುರಾಯಾ ಫೋನ್. ಆ ಕಂಪನಿಯೇ ಆ ದೇಶದ್ದು. ಅಲ್ಲಿ ಅದು ಅಂಗಡಿಯ ಸಾಮಾನು. ಇಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಇರಿಡಿಯಂ ಫೋನಿಗೂ ಇದೇ ಕಥೆ. 2008ರ ಮುಂಬೈ ದಾಳಿಯಲ್ಲಿ ಉಗ್ರರು ಥುರಾಯಾ ಬಳಸಿದ್ದರು, ಅಲ್ಲಿಂದೀಚೆಗೆ ಸರ್ಕಾರ ಈ ವಿಷಯದಲ್ಲಿ ಬಹಳ ಬಿಗಿ. ನಮ್ಮಲ್ಲಿ ಕಾನೂನಿನ ಪ್ರಕಾರ ಸಿಗುವ ಸ್ಯಾಟಲೈಟ್ ಫೋನ್ ಅಂದರೆ ಬಿಎಸ್‌ಎನ್‌ಎಲ್ ಮೂಲಕ ಬರುವ ಇನ್‌ಮಾರ್‌ಸ್ಯಾಟ್. ಅದಕ್ಕೂ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ರಜೆಯಲ್ಲಿ ಸುತ್ತಾಡುವ ಸಂಸಾರಕ್ಕೆ ಆ ದಾರಿ ಆಗಿಬರುವುದಿಲ್ಲ.

ಚಾರಣಿಗರು ಹೊರದೇಶದಲ್ಲಿ ಬಳಸುವ ಗಾರ್ಮಿನ್ ಇನ್‌ರೀಚ್‌ನಂಥ ಪುಟ್ಟ ಸಾಧನಗಳೂ ಇದೇ ಬಲೆಗೆ ಬೀಳುತ್ತವೆ. ನೋಡಲು ಜಿಪಿಎಸ್ ಥರ ಇರುತ್ತವೆ, ಆದರೆ ಉಪಗ್ರಹಕ್ಕೆ ಸಂದೇಶ ಕಳಿಸುತ್ತವೆ. ಅದನ್ನು ಚೀಲದಲ್ಲಿಟ್ಟುಕೊಂಡು ಬಂದ ವಿದೇಶಿ ಪ್ರವಾಸಿಗರನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ಹಿಡಿದ ಉದಾಹರಣೆಗಳಿವೆ. ಇನ್ನು ಘಟ್ಟದ ಕಾಡಿನಲ್ಲಿ ಸ್ಯಾಟಲೈಟ್ ಫೋನಿನ ಸಿಗ್ನಲ್ ಸಿಕ್ಕಿತು, ಹುಡುಕಾಟ ನಡೆದಿದೆ ಅನ್ನುವ ಸುದ್ದಿ ನೀವೂ ಪೇಪರಿನಲ್ಲಿ ಓದಿರುತ್ತೀರಿ. ಆ ಹುಡುಕಾಟ ನಿಮ್ಮ ವ್ಯಾನಿನ ಬಾಗಿಲಿಗೆ ಬರುವುದು ಬೇಡ. ಐಫೋನ್ 14ರಿಂದ ಈಚಿನ ಫೋನುಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯ ಇದೆ ನಿಜ. ಭಾರತದಲ್ಲಿ ಆ ಸೇವೆಯನ್ನೇ ಕೊಟ್ಟಿಲ್ಲ. ಅದನ್ನು ನಂಬಿ ಫೋನ್ ಬದಲಿಸಬೇಡಿ.

ಈಗ ನಿಮ್ಮ ಬಿಸಿಲೆ ಪ್ರಸಂಗಕ್ಕೆ ಬರೋಣ. ನಾನು ಇಪ್ಪತ್ತೆರಡು ವರ್ಷದಿಂದ ಚಿಕ್ಕಮಗಳೂರಿನಲ್ಲಿ ವೈರ್‌ಲೆಸ್ ಸೆಟ್ ಮತ್ತು ಗಾಡಿ ವೈರಿಂಗ್ ಕೆಲಸ ಮಾಡಿಕೊಂಡು ಬಂದವನು. ಹವ್ಯಾಸಿ ರೇಡಿಯೋ ಬಳಸಲು ಕೊಡುವ ಹ್ಯಾಮ್ ಲೈಸೆನ್ಸೂ ಇದೆ. ಮಳೆಗಾಲದಲ್ಲಿ ಹೂತ ಗಾಡಿ ಎಳೆಯಲು ಹಗ್ಗ ಹಿಡಿದುಕೊಂಡು ಹೋಗುವುದೂ ಇದ್ದದ್ದೇ. ನೀವು ಬರೆದದ್ದರಲ್ಲಿ ನನಗೆ ಭಯ ಹುಟ್ಟಿಸಿದ್ದು ಟವರ್ ಇಲ್ಲದ್ದಲ್ಲ. ಐದು ಗಂಟೆ ಕಳೆದರೂ ನೀವು ತೊಂದರೆಯಲ್ಲಿದ್ದೀರಿ ಅಂತ ಹಾಸನದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ಜೀಪು ಬಾರದೇ ಇದ್ದಿದ್ದರೆ ಮರುದಿನ ಮಧ್ಯಾಹ್ನದ ತನಕವೂ ಯಾರೂ ನಿಮ್ಮನ್ನು ಹುಡುಕುತ್ತಿರಲಿಲ್ಲ. ಇದಕ್ಕೆ ಪರಿಹಾರ ಇದೆ, ಖರ್ಚೂ ಇಲ್ಲ. ಆದರೆ ಮೊದಲು ಜಿಪಿಎಸ್ ವಿಷಯ ಬಗೆಹರಿಸೋಣ, ಯಾಕಂದರೆ ಅಲ್ಲಿ ನಿಮ್ಮ ತಿಳುವಳಿಕೆಯೇ ತಪ್ಪಿದೆ.

ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಹಾಸನ ಆಕಾಶವಾಣಿ ಕೇಳಲು ನೀವು ಅವರಿಗೆ ಫೋನ್ ಮಾಡಬೇಕಾ? ರೇಡಿಯೋ ಸುಮ್ನೆ ಕೇಳಿಸಿಕೊಳ್ಳುತ್ತದೆ, ಅಷ್ಟೇ. ಫೋನಿನೊಳಗಿನ ಜಿಪಿಎಸ್ ಕೂಡ ಹಾಗೆಯೇ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳು ಹೇಳುವುದನ್ನು ಕೇಳಿಸಿಕೊಂಡು ತಾನಿರುವ ಜಾಗ ಲೆಕ್ಕ ಹಾಕುತ್ತದೆ. ಫ್ಲೈಟ್ ಮೋಡ್ ಹಾಕಿದರೂ ಈಗಿನ ಫೋನುಗಳಲ್ಲಿ ಅದು ನಡೆಯುತ್ತದೆ. ಮೋಡ, ಮಂಜು, ಮಳೆ ಅಡ್ಡಿ ಅನ್ನುವುದೂ ಸುಳ್ಳು.

ಆದರೆ ಒಂದು ವಿಷಯ ಇದೆ. ನೆಟ್ ಇದ್ದಾಗ, ಯಾವ ಉಪಗ್ರಹ ಎಲ್ಲಿದೆ ಅನ್ನುವುದನ್ನು ಫೋನು ಇಂಟರ್ನೆಟ್ಟಿನಿಂದ ಮೊದಲೇ ತಿಳಿದುಕೊಂಡಿರುತ್ತದೆ. ಹಾಗಾಗಿ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಜಾಗ ತೋರಿಸುತ್ತದೆ. ನೆಟ್ ಇಲ್ಲದಾಗ ಆ ಮಾಹಿತಿಯನ್ನೂ ಉಪಗ್ರಹದಿಂದಲೇ ಇಳಿಸಿಕೊಳ್ಳಬೇಕು. ಅದು ಬರುವುದು ಸೆಕೆಂಡಿಗೆ 50 ಬಿಟ್ ವೇಗದಲ್ಲಿ, ಅಂದರೆ ಆಮೆಗಿಂತ ನಿಧಾನ. ಅರ್ಧ ನಿಮಿಷದಿಂದ ಹಿಡಿದು, ಫೋನು ಬಹಳ ದಿನ ಆಫ್ ಆಗಿದ್ದರೆ ಹತ್ತು ಹದಿನೈದು ನಿಮಿಷವೂ ಹಿಡಿಯಬಹುದು. ಜನ ಎರಡು ನಿಮಿಷ ನೋಡಿ ‘ಜಿಪಿಎಸ್ ಇಲ್ಲ’ ಅಂದುಬಿಡುತ್ತಾರೆ. ವ್ಯಾನಿನಿಂದ ಇಳಿದು, ಮರದ ಕೆಳಗಿನಿಂದ ಬಯಲಿಗೆ ಬಂದು, ಫೋನನ್ನು ಅಂಗೈಯಲ್ಲಿ ಆಕಾಶಕ್ಕೆ ಹಿಡಿದು ಅಲ್ಲಾಡದೆ ನಿಲ್ಲಿ. ಕೊಲ್ಲಿಯಲ್ಲಿ, ದಟ್ಟ ಮರದಡಿಯಲ್ಲಿ ಜಾಗ ಒಂದಿಷ್ಟು ಆಚೀಚೆ ತೋರಿಸುತ್ತದೆ. ಹುಡುಕಲು ಬರುವವರಿಗೆ ಅದು ತೊಂದರೆಯಲ್ಲ, ನೀವು ಅವರಿಗೆ ಕಾಣುವಷ್ಟು ಹತ್ತಿರವೇ ಇರುತ್ತೀರಿ.

ಅವತ್ತು ನಿಮಗೆ ಕೈಕೊಟ್ಟದ್ದು ಜಿಪಿಎಸ್ ಅಲ್ಲ, ಮ್ಯಾಪು. ಅದೂ ಎರಡು ಥರ. ಒಂದು, ನೀವು ಆ ಪ್ರದೇಶದ ಮ್ಯಾಪ್ ಮೊದಲೇ ಇಳಿಸಿಕೊಂಡಿರಲಿಲ್ಲ ಅಂತ ಕಾಣುತ್ತದೆ. ನೀಲಿ ಚುಕ್ಕೆ ಖಾಲಿ ಪರದೆಯ ಮೇಲೆ ಕೂತರೆ ಏನು ಪ್ರಯೋಜನ? ಗೂಗಲ್ ಮ್ಯಾಪ್ಸ್‌ನಲ್ಲಿ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಬಹುದು. ಅದರ ಜೊತೆಗೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಮ್‌ಆ್ಯಂಡ್ ಹಾಕಿಕೊಳ್ಳಿ. ಇವು ಪೂರ್ತಿ ಆಫ್‌ಲೈನ್, ಕಾಲುದಾರಿ ಹಳ್ಳ ಎಲ್ಲ ಹೆಚ್ಚು ತೋರಿಸುತ್ತವೆ. ಬಂದ ದಾರಿಯನ್ನು ದಾಖಲಿಸಿಕೊಳ್ಳುವ ಸೌಲಭ್ಯವನ್ನು ಡಾಂಬರು ರಸ್ತೆ ಬಿಡುವ ಮೊದಲೇ ಆನ್ ಮಾಡಿ. ಮಂಜು ಮುಚ್ಚಿದಾಗ ಮುಂದಿನ ದಾರಿಗಿಂತ ಹಿಂದಿನ ದಾರಿ ಬೇಕಾಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ನಮ್ಮ ಕಡೆ ಮ್ಯಾಪಿನಲ್ಲಿ ರಸ್ತೆ ಅಂತ ಕಾಣುವ ಗೆರೆಗಳಲ್ಲಿ ಎಷ್ಟೋ ಎಸ್ಟೇಟಿನ ಒಳದಾರಿಗಳು. ಕಾಫಿ ಕೊಯ್ಲಿನ ಟ್ರ್ಯಾಕ್ಟರ್ ಓಡಾಡಲು ಮಾಡಿದ್ದು. ಬೇಸಿಗೆಯಲ್ಲಿ ಗಟ್ಟಿ, ಜೂನ್‌ನಲ್ಲಿ ಗದ್ದೆ. ಮ್ಯಾಪಿಗೆ ಗೇಟಿನ ಬೀಗವೂ ಕಾಣುವುದಿಲ್ಲ, ಕೆಸರೂ ಕಾಣುವುದಿಲ್ಲ. ‘ಹತ್ತು ನಿಮಿಷ ಉಳಿಯುತ್ತದೆ’ ಅಂತ ಮ್ಯಾಪ್ ತೋರಿಸಿದ ಅಡ್ಡದಾರಿಗೆ ಮಳೆಗಾಲದಲ್ಲಿ ಇಳಿಯಲೇಬೇಡಿ. ಇಳಿಯಬೇಕು ಅಂತಿದ್ದರೆ ತೋಟದ ಕೆಲಸದವರ ಲೈನ್ ಮನೆಯವರನ್ನೋ ಲೆಕ್ಕ ಬರೆಯುವ ಎಸ್ಟೇಟ್ ರೈಟರನ್ನೋ ಕೇಳಿ. ‘ಗಾಡಿ ಹೋಗುತ್ತಾ’ ಅಂತ ಕೇಳಬೇಡಿ, ‘ನಿನ್ನೆ ಯಾವ ಗಾಡಿ ಹೋಯ್ತು’ ಅಂತ ಕೇಳಿ. ಟ್ರ್ಯಾಕ್ಟರ್ ಅಂದರೆ ನಿಮ್ಮ ಟ್ರಾವೆಲರ್ ಹೋಗುವುದಿಲ್ಲ. ಮೀಸಲು ಅರಣ್ಯ, ಹುಲ್ಲುಗಾವಲಿನ ಗುಡ್ಡ ಇವಕ್ಕೆ ಗಾಡಿ ಹತ್ತಿಸುವುದು ಹೇಗೂ ಕಾನೂನಿಗೆ ವಿರುದ್ಧ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಫೋನು ಜಾಗ ತೋರಿಸಿದ ಮೇಲೆ ಅದನ್ನು ಇನ್ನೊಬ್ಬರಿಗೆ ಹೇಳಲು ಬರಬೇಕು. ‘ಹೊಸಹಳ್ಳಿ ದಾಟಿ ಎರಡು ತಿರುವು’ ಅಂದರೆ ಆಗುವುದಿಲ್ಲ, ನಮ್ಮ ಎರಡು ಜಿಲ್ಲೆಯಲ್ಲಿ ಎಷ್ಟು ಹೊಸಹಳ್ಳಿ ಇವೆಯೋ ದೇವರೇ ಬಲ್ಲ. ಅಕ್ಷಾಂಶ ರೇಖಾಂಶದ ಎರಡು ಸಂಖ್ಯೆಗಳನ್ನು ಓದಿ ಹೇಳಿ. ದಶಮಾಂಶ ಬಿಂದುವಿನ ಆಮೇಲೆ ನಾಲ್ಕು ಅಂಕಿ ಸಾಕು, ಅಷ್ಟಕ್ಕೆ ಸುಮಾರು 11 ಮೀಟರ್ ಹತ್ತಿರಕ್ಕೆ ಬರುತ್ತದೆ. ನಾನು ಎಲ್ಲರಿಗೂ ಹೇಳಿಕೊಡುವ ಒಂದು ಗುರುತು ಇದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಯೊಳಗೆ ಎಲ್ಲೇ ನಿಂತರೂ ಮೊದಲ ಸಂಖ್ಯೆ 12 ಅಥವಾ 13ರಿಂದ, ಎರಡನೆಯದು 75 ಅಥವಾ 76ರಿಂದ ಶುರುವಾಗಬೇಕು. ಬೇರೆ ಬಂದರೆ ನೀವು ಗಾಬರಿಯಲ್ಲಿ ತಪ್ಪು ಓದಿದ್ದೀರಿ. 2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ಅಂತ ತಂದಿದೆ, ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ಮಾಡಿ ಹತ್ತು ಅಕ್ಷರದ ಗುರುತು ಕೊಟ್ಟಿದ್ದಾರೆ. ಒಳ್ಳೆಯದೇ. ಆದರೆ ರಾತ್ರಿ ನಿಮ್ಮನ್ನು ಹುಡುಕಿಕೊಂಡು ಬರುವ ಜೀಪಿನವನಿಗೆ ಅದು ಗೊತ್ತಿರುತ್ತದೆ ಅಂತ ನಂಬಿಕೊಳ್ಳಬೇಡಿ.

ಬೇರೆ ಜಿಪಿಎಸ್ ಸಾಧನ ಕೊಳ್ಳಬೇಕಾ? ಕೇಳಿಸಿಕೊಳ್ಳುವ ಕೆಲಸ ಮಾತ್ರ ಮಾಡುವ ಸಾದಾ ಸಾಧನಕ್ಕೆ ನಿಮ್ಮ ಮನೆಯ ಹಳೇ ಫೋನೇ ಸಾಟಿ. ಸಿಮ್ ತೆಗೆದು, ಮ್ಯಾಪ್ ತುಂಬಿ, ಆಫ್ ಮಾಡಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಡಿ. ಒಂದು ಮಾತು, ಅಯಸ್ಕಾಂತದ ಫೋನ್ ಹೋಲ್ಡರಿನಲ್ಲಿ ಇಟ್ಟಿದ್ದಾಗ ಫೋನಿನ ದಿಕ್ಸೂಚಿ ಸುಳ್ಳು ಹೇಳುತ್ತದೆ. ದಿಕ್ಕು ನೋಡಬೇಕಾದರೆ ವ್ಯಾನಿನಿಂದ ಹತ್ತು ಹೆಜ್ಜೆ ದೂರ ಹೋಗಿ ನೋಡಿ.

ಇನ್ನು ಟವರ್. ಮೂರು ಫೋನಿನಲ್ಲೂ ಸಿಗ್ನಲ್ ಇರಲಿಲ್ಲ ಅಂದಿರಿ. ಮೂರರಲ್ಲೂ ಒಂದೇ ಕಂಪನಿಯ ಸಿಮ್ ಇತ್ತಾ? ಎಷ್ಟೋ ಮನೆಗಳಲ್ಲಿ ಹಾಗೇ ಇರುತ್ತದೆ. ಮಲೆನಾಡಿಗೆ ಬರುವಾಗ ಎರಡು ಬೇರೆ ಬೇರೆ ಸಿಮ್ ಇರಲಿ, ಅದರಲ್ಲೊಂದು ಬಿಎಸ್‌ಎನ್‌ಎಲ್. ನೆಟ್ ವೇಗದ ಬಗ್ಗೆ ಬೈಯುವವರು ಬೈಯಲಿ, ಕೆಲವು ಮೂಲೆಗಳಲ್ಲಿ ಅದೊಂದೇ ಗತಿ.

ಮಳೆ ಬಂದರೆ ಸಿಗ್ನಲ್ ಹೋಗುತ್ತದೆ ಅಂತ ಎಲ್ಲರೂ ಅನ್ನುತ್ತಾರೆ. ಮಳೆಹನಿ ಅದಕ್ಕೆ ಮುಖ್ಯ ಕಾರಣ ಅಲ್ಲ. ಗಾಳಿಗೆ ಮರ ಬಿದ್ದು ಕರೆಂಟು ಹೋಗುತ್ತದೆ. ಟವರಿನ ಬ್ಯಾಟರಿ ಕೆಲವು ಗಂಟೆ ಎಳೆದು ಸುಸ್ತಾಗುತ್ತದೆ. ಅಥವಾ ಗುಡ್ಡ ಜರಿದು ಕೇಬಲ್ ಕಿತ್ತುಹೋಗುತ್ತದೆ. ಅಂದರೆ ನಿನ್ನೆ ಸಿಕ್ಕಿದ ಜಾಗದಲ್ಲಿ ಇವತ್ತು ಸಿಗುತ್ತದೆ ಅನ್ನುವ ಹಾಗಿಲ್ಲ. ದಾರಿಯಲ್ಲಿ ಬರುವಾಗ ಕರೆಂಟಿಲ್ಲದ ಊರುಗಳನ್ನು ಕಂಡರೆ, ಸಂಜೆಗೆ ಫೋನೂ ಹೋಗುತ್ತದೆ ಅಂತ ಲೆಕ್ಕ ಹಾಕಿಕೊಳ್ಳಿ.

ತುರ್ತು ಸಹಾಯದ ನಂಬರ್ 112ರ ಬಗ್ಗೆಯೂ ಒಂದು ಕಟ್ಟುಕಥೆ ಓಡಾಡುತ್ತಿದೆ, ಅದು ಉಪಗ್ರಹದ ಮೂಲಕ ಎಲ್ಲಿಂದ ಬೇಕಾದರೂ ಹೋಗುತ್ತದೆ ಅಂತ. ಇಲ್ಲ. ನಿಮ್ಮ ಕಂಪನಿಯ ಟವರ್ ಇಲ್ಲದೆ ಬೇರೆಯವರ ಟವರ್ ಇದ್ದರೆ, ಆ ಟವರಿನ ಮೂಲಕ 112 ಹೋಗುತ್ತದೆ. ಹಾಗಾಗಿ ‘ತುರ್ತು ಕರೆ ಮಾತ್ರ’ ಅಂತ ಪರದೆಯ ಮೇಲೆ ಬಂದರೆ ಕೂಡಲೇ ಒತ್ತಿ. ಯಾವ ಟವರೂ ಇಲ್ಲದಿದ್ದರೆ 112 ಕೂಡ ಇಲ್ಲ. ಕರೆ ಎತ್ತುವವರಿಗೆ ನಿಮ್ಮ ಊರು ಕೇರಿ ಗೊತ್ತಿರಬೇಕಿಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಆ ಎರಡು ಸಂಖ್ಯೆ, ಎಷ್ಟು ಜನ, ಯಾರಿಗೇನಾಗಿದೆ, ಇಷ್ಟನ್ನು ಮೊದಲ ಅರ್ಧ ನಿಮಿಷದಲ್ಲಿ ಹೇಳಿಬಿಡಿ. ಲೈನು ಯಾವಾಗ ಕಟ್ ಆಗುತ್ತದೋ ಗೊತ್ತಿಲ್ಲ.

ಒಂದು ಕಡ್ಡಿ ಬಂದು ಹೋಗಿ ಆಟವಾಡಿಸುತ್ತಿದ್ದರೆ ಕಾಲ್ ಮಾಡುತ್ತ ಕೂರಬೇಡಿ. ಸಾದಾ ಎಸ್‌ಎಂಎಸ್ ಬರೆದು ಕಳಿಸಿ, ಅದಕ್ಕೆ ಕ್ಷಣಮಾತ್ರ ಸಿಗ್ನಲ್ ಸಿಕ್ಕಿದರೂ ಸಾಕು. ವಾಟ್ಸಾಪಿಗೆ ನೆಟ್ ಬೇಕು, ಆ ಹೊತ್ತಿಗೆ ಅದು ಆಗುವುದಿಲ್ಲ. ಕಳಿಸಿದ ಮೇಲೆ ಒಂದೇ ಫೋನ್ ಆನ್ ಇಟ್ಟು ಉಳಿದವನ್ನು ಫ್ಲೈಟ್ ಮೋಡಿಗೆ ಹಾಕಿ. ಟವರ್ ಹುಡುಕುತ್ತಾ ಹುಡುಕುತ್ತಾ ಫೋನು ಬ್ಯಾಟರಿ ತಿಂದು ಮುಗಿಸುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಟವರ್ ಇಲ್ಲದ ಎಷ್ಟೋ ತೋಟದ ಮನೆ, ಹೋಂಸ್ಟೇಗಳಲ್ಲಿ ಈಗ ಕೇಬಲ್ ಮೂಲಕ ವೈಫೈ ಇದೆ. ನಿಮ್ಮ ಫೋನಿನ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಟ್ಟುಕೊಂಡಿದ್ದರೆ ಅಲ್ಲಿಂದ ಮಾಮೂಲಿ ಕರೆಯನ್ನೇ ಮಾಡಬಹುದು. ಹಾಸನ ಬಿಡುವ ಮೊದಲು ಮನೆಯಲ್ಲೇ ಒಮ್ಮೆ ಮಾಡಿ ನೋಡಿ.

ಬೂಸ್ಟರ್ ಬೇಡ. ಅನುಮತಿ ಇಲ್ಲದೆ ಅದನ್ನು ಹಾಕಿಸುವುದು ಕಾನೂನುಬಾಹಿರ, ಪಕ್ಕದವರ ಸಿಗ್ನಲ್ಲನ್ನೂ ಕೆಡಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದು ಇರುವ ಸಿಗ್ನಲ್ಲನ್ನು ದೊಡ್ಡದು ಮಾಡುತ್ತದೆಯೇ ಹೊರತು ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ನೀವಿದ್ದ ಕೊಲ್ಲಿಯಲ್ಲಿ ದೊಡ್ಡದು ಮಾಡಲು ಏನೂ ಇರಲಿಲ್ಲ.

ವಾಕಿಟಾಕಿ ಹಾಗಲ್ಲ, ಅದಕ್ಕೆ ಉಪಯೋಗ ಇದೆ, ಆದರೆ ಅದು ನಿಮ್ಮ ಗೆಳೆಯ ಹೇಳುವ ಉಪಯೋಗವಲ್ಲ. 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಸೆಟ್ಟುಗಳನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು. ಆದರೆ ಸೆಟ್ಟಿಗೆ ಸರ್ಕಾರದ ಮಂಜೂರಾತಿ ಇರಬೇಕು. ಆನ್‌ಲೈನಿನಲ್ಲಿ ಸಿಕ್ಕಸಿಕ್ಕದ್ದನ್ನು ಮಾರುತ್ತಿದ್ದರಿಂದ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದಕ್ಕೆ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಅಗ್ಗಕ್ಕೆ ಸಿಗುವ 5 ವಾಟಿನ ಚೀನೀ ಸೆಟ್ಟುಗಳು ಹ್ಯಾಮ್ ಲೈಸೆನ್ಸ್ ಇದ್ದವರಿಗೆ ಮಾತ್ರ.

ಡಬ್ಬದ ಮೇಲೆ ಬರೆದ ಕಿಲೋಮೀಟರನ್ನು ಮರೆತುಬಿಡಿ. ಮುಳ್ಳಯ್ಯನಗಿರಿಯ ತುದಿಯಲ್ಲಿ, ಅಂದರೆ 1,930 ಮೀಟರ್ ಎತ್ತರದಲ್ಲಿ, ಕೈಸೆಟ್ ಹಿಡಿದು ಹತ್ತಾರು ಕಿಲೋಮೀಟರ್ ಆಚೆಯವರ ಜೊತೆ ಆರಾಮಾಗಿ ಮಾತಾಡಿದ್ದೇನೆ. ಅದೇ ಸೆಟ್ ಸಿಲ್ವರ್ ಮರದ ಕಾಫಿ ತೋಟದ ತಗ್ಗಿನಲ್ಲಿ ಅರ್ಧ ಕಿಲೋಮೀಟರಿಗೇ ಕರಕರ ಅಂದಿದೆ. ಗುಡ್ಡ ಅಡ್ಡ ಬಂದರೆ ಮುಗಿಯಿತು. ಹಾಗಾಗಿ ವಾಕಿಟಾಕಿ ಹಾಸನಕ್ಕೆ ಸುದ್ದಿ ಮುಟ್ಟಿಸುವುದಿಲ್ಲ. ನೀವು ಹಗಲಿನಲ್ಲಿ ಸಿಗ್ನಲ್ ಹುಡುಕಿಕೊಂಡು ಏರಿಗೆ ನಡೆದಾಗ, ವ್ಯಾನಿನಲ್ಲಿ ಉಳಿದವರ ಜೊತೆ ಮಾತಾಡಲು ಅದು ಬೇಕು. ಅಥವಾ ಎರಡು ಗಾಡಿ ಒಟ್ಟಿಗೆ ಹೊರಟಾಗ. ಹ್ಯಾಮ್ ಪರೀಕ್ಷೆ ಕಷ್ಟವೇನಲ್ಲ, 12 ವರ್ಷ ತುಂಬಿದವರು ಯಾರು ಬೇಕಾದರೂ ಬರೆಯಬಹುದು. ಮಕ್ಕಳಿಗೆ ಆಸಕ್ತಿ ಇದ್ದರೆ ಮಾಡಿಸಿ. ಆದರೆ ಆ ಕಡೆ ಕೇಳಿಸಿಕೊಳ್ಳುವವರು ಇರಬೇಕಲ್ಲ, ಅದಕ್ಕೇ ನಾನು ಅದನ್ನು ಜೀವ ಉಳಿಸುವ ಸಾಧನ ಅಂತ ಮಾರುವುದಿಲ್ಲ.

ಈಗ ಮೊದಲು ಹೇಳಿದ ಖರ್ಚಿಲ್ಲದ ಪರಿಹಾರಕ್ಕೆ ಬರೋಣ. ಅದನ್ನು ಕಲಿತದ್ದು ನನ್ನ ತಲೆ ಮೇಲೇ ಬಂದಾಗ. ಹನ್ನೊಂದು ವರ್ಷದ ಹಿಂದೆ ಒಂದು ಜುಲೈ ಸಂಜೆ ದೇವರಮನೆ ಕಡೆಯಿಂದ ಬರುತ್ತಿದ್ದೆ. ಜೀಪಿನ ಹಿಂದೆ ಮರ ಬಿತ್ತು, ಮುಂದೆ ಹಳ್ಳ ಏರಿತ್ತು. ಗಾಡಿಯಲ್ಲಿ ಎರಡು ಹ್ಯಾಮ್ ಸೆಟ್, ಒಂದು ಜಿಪಿಎಸ್, ಎರಡು ಸಿಮ್, ಒಂದಂಗಡಿಯ ಸಾಮಾನೇ ಇತ್ತು. ತಗ್ಗಿನಲ್ಲಿದ್ದುದರಿಂದ ಒಂದರಿಂದಲೂ ಮನೆಗೆ ಸುದ್ದಿ ಮುಟ್ಟಿಸಲು ಆಗಲಿಲ್ಲ. ಹೆಂಡತಿಗೆ ‘ಸಂಜೆ ಬರ್ತೀನಿ’ ಅಂದಿದ್ದೆ. ಮಳೆ ಜೋರಾಗಿದೆ, ಮೂಡಿಗೆರೆಯಲ್ಲಿ ಯಾರದೋ ಮನೆಯಲ್ಲಿ ಉಳಿದಿರಬೇಕು ಅಂದುಕೊಂಡು ಅವಳು ಮಲಗಿದಳು. ತಪ್ಪು ಅವಳದ್ದಲ್ಲ. ಯಾವಾಗ ಗಾಬರಿಯಾಗಬೇಕು ಅಂತ ನಾನು ಹೇಳಿಯೇ ಇರಲಿಲ್ಲ.

ಈಗ ನಮ್ಮ ಮನೆಯ ಫ್ರಿಜ್ಜಿನ ಮೇಲೆ ಒಂದು ಚೀಟಿ ಇರುತ್ತದೆ. ನೀವೂ ಹಾಸನದಲ್ಲಿ ನಂಬಿಕೆಯ ಒಬ್ಬರಿಗೆ ಅಂಥದ್ದನ್ನು ಕೊಡಿ. ವ್ಯಾನಿನ ನಂಬರ್, ಬಣ್ಣ, ಎಷ್ಟು ಜನ, ಯಾವ ದಾರಿ, ರಾತ್ರಿ ಎಲ್ಲಿ ತಂಗುವುದು, ಆ ಜಾಗದವರ ಫೋನ್. ಕೊನೆಗೆ ಎರಡು ಸಮಯ. ಸಂಜೆ ಆರಕ್ಕೆ ನಾನು ಎಲ್ಲಿದ್ದರೂ ಸಿಗ್ನಲ್ ಇರುವ ಕಡೆ ಬಂದು ಸುದ್ದಿ ಕಳಿಸುತ್ತೇನೆ. ಎಂಟರ ತನಕ ಬಾರದಿದ್ದರೆ ನೀವು ಶುರು ಮಾಡಿ. ಶುರು ಅಂದರೆ ಏನು ಅನ್ನುವುದೂ ಬರೆದಿರಬೇಕು: ಮೊದಲು ತಂಗುವ ಜಾಗಕ್ಕೆ ಫೋನ್, ಅಲ್ಲಿಗೆ ಬಂದಿಲ್ಲ ಅಂದರೆ 112, ಕಾಡಿನ ಅಂಚಾದರೆ ಅರಣ್ಯ ಇಲಾಖೆಯ ಸಹಾಯವಾಣಿ 1926, ಗುಡ್ಡ ಕುಸಿತದ ಸುದ್ದಿ ಇದ್ದರೆ ಜಿಲ್ಲೆಯ ವಿಪತ್ತು ಸಹಾಯವಾಣಿ 1077. ದಾರಿ ಬದಲಿಸಿದರೆ ಬದಲಿಸಿದ ಕಡೆಯಿಂದಲೇ ಹೇಳಿ. ಡಾಂಬರು ಬಿಡುವ ಮೊದಲು ಒಂದು ಎಸ್‌ಎಂಎಸ್: ‘ಈಗ ಇಲ್ಲಿಂದ ಒಳಗೆ ಹೋಗುತ್ತಿದ್ದೇವೆ.’ ಹೀಗೆ ಮಾಡಿದ್ದರೆ ಬಿಸಿಲೆಯಲ್ಲಿ ನಿಮ್ಮ ಫೋನಿನಿಂದ ಒಂದು ಅಕ್ಷರ ಹೋಗದಿದ್ದರೂ ರಾತ್ರಿ ಎಂಟಕ್ಕೆ ಹುಡುಕಾಟ ಸರಿಯಾದ ದಾರಿಯಲ್ಲೇ ಶುರುವಾಗುತ್ತಿತ್ತು. ಮರೆತು ಆರಕ್ಕೆ ಸುದ್ದಿ ಕಳಿಸದಿದ್ದರೆ ಮಾತ್ರ ಪೊಲೀಸರಿಂದಲೂ ಮನೆಯವರಿಂದಲೂ ಬೈಗುಳ ಖಾತ್ರಿ.

ಕಾಯುವಾಗ ವ್ಯಾನಿನಲ್ಲೇ ಇರಿ. ಕತ್ತಲಾದ ಮೇಲೆ ಸಹಾಯ ಹುಡುಕಿಕೊಂಡು ನಡೆದು ಹೋಗಬೇಡಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಎಲ್ಲಿ ನಿಂತಿರುತ್ತದೋ ಹೇಳಲು ಬರುವುದಿಲ್ಲ. ಕಾಫಿ ಗಿಡದ ಮರೆಯಲ್ಲಿ ಹತ್ತು ಅಡಿ ಹತ್ತಿರ ಹೋಗುವ ತನಕ ಕಾಣುವುದೂ ಇಲ್ಲ. ಗಾಡಿಯ ಸದ್ದು ಕೇಳಿದರೆ ಮೂರು ಸಲ ಹಾರನ್, ಬಿಟ್ಟು ಮತ್ತೆ ಮೂರು ಸಲ. ಹತ್ತಿರದಲ್ಲಿ ಕೊಂಬೆ ಮುರಿಯುವ ಸದ್ದಿದ್ದರೆ ಹಾರನ್ ಮುಟ್ಟಬೇಡಿ, ಲೈಟೂ ಬೇಡ. ನಿಮ್ಮ ತಾಯಿಗೆ ಎರಡು ದಿನಕ್ಕೆ ಹೆಚ್ಚಾಗುವಷ್ಟು ಔಷಧಿ, ಹೊತ್ತಿಗೆ ಸರಿಯಾಗಿ ತಿನ್ನಲು ಏನಾದರೂ, ಸಕ್ಕರೆ ಇಳಿದರೆ ಕೊಡಲು ಗ್ಲೂಕೋಸ್ ಯಾವಾಗಲೂ ವ್ಯಾನಿನಲ್ಲಿರಲಿ. ಅದನ್ನು ಎಷ್ಟು, ಹೇಗೆ ಇಡಬೇಕು ಅನ್ನುವುದನ್ನು ಅವರ ಡಾಕ್ಟರನ್ನೇ ಕೇಳಿ.

ಹಾಗಾದರೆ ಏನು ಕೊಳ್ಳುವುದು? ಬಿಎಸ್‌ಎನ್‌ಎಲ್ ಸಿಮ್. ಮಂಜೂರಾತಿ ಇರುವ ವಾಕಿಟಾಕಿ ಒಂದು ಜೊತೆ, ಮನಸ್ಸಿದ್ದರೆ. ತಲೆಗೆ ಕಟ್ಟುವ ಟಾರ್ಚ್ ಎರಡು, ಸೀಟಿ ಪ್ರತಿಯೊಬ್ಬರಿಗೂ ಒಂದು. ಮತ್ತೆ ಗಾಡಿಯ ಬ್ಯಾಟರಿಯನ್ನು ನಂಬದ ಒಂದು ಪವರ್ ಬ್ಯಾಂಕ್, ಕೇಬಲ್ ಎರಡು, ಎಲ್ಲ ನೀರು ಹೋಗದ ಕವರಿನಲ್ಲಿ. 20,000 ಎಂಎಎಚ್‌ನದ್ದರಿಂದ 5,000 ಎಂಎಎಚ್ ಬ್ಯಾಟರಿಯ ಫೋನನ್ನು ನಾಲ್ಕು ಸಲ ತುಂಬಬಹುದು ಅಂದುಕೊಳ್ಳಬೇಡಿ, ನಷ್ಟ ಕಳೆದು ಎರಡೂವರೆ ಸಲ ಸಿಕ್ಕರೆ ಸರಿ.

ಭಾವಮೈದನಿಗೆ ಏನಾದರೂ ತರಲೇಬೇಕು ಅಂತಿದ್ದರೆ ಈ ಪವರ್ ಬ್ಯಾಂಕನ್ನೇ ತರಲಿ. ಸೂಟ್‌ಕೇಸಿನಲ್ಲಿ ಹಾಕಬಾರದು, ವಿಮಾನದಲ್ಲಿ ಅದು ಕೈಚೀಲದಲ್ಲೇ ಇರಬೇಕು ಅಂತ ನೆನಪಿಸಿ.